ಗೊಮ್ಮಟನ ತೊಡೆಯ ಬಳ್ಳಿ, ಮುಂಬಯಿಯ ಮಣ್ಣು

‘ನಿಮ್ಮ ಊರಿನ ಶಿಲ್ಪಿಗಳಿಗೆ ಅನಾಟಮಿ (ಮೈಯೊಳಗಿನ ಎಲುಬು, ಸ್ನಾಯುಗಳ ರಚನೆ) ಗೊತ್ತಿಲ್ಲ’ ಅಂತ ಮುಂಬಯಿಯಲ್ಲಿ ಕಲೆ ಕಲಿತವರು ಸಲೀಸಾಗಿ ಹೇಳಿಬಿಡುತ್ತಾರೆ. ಉಡುಪಿಯಿಂದ ಬಂದು ಇಲ್ಲೇ ಚಿತ್ರ ಕಲಿತ ನನಗೆ ಆ ಮಾತು ಒಪ್ಪಿಗೆಯಿಲ್ಲ.

ಇಲ್ಲಿಯ ಕ್ರಮ ಯುರೋಪಿನದು. ಮುಂಬಯಿಯ ಜೆ.ಜೆ. ಕಲಾಶಾಲೆ ಶುರುವಾದದ್ದೇ ಬ್ರಿಟಿಷರ ಕಾಲದಲ್ಲಿ, 1857ರಲ್ಲಿ. ಮಾಡೆಲ್ ಎದುರಿಗೆ, ಮನಸ್ಸಿನಲ್ಲಿ ಎಲುಬು, ಅದರ ಮೇಲೆ ಸ್ನಾಯು, ಕೊನೆಗೆ ಚರ್ಮ. ಚಲನೆ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೈಯನ್ನು ಪೂರ್ತಿ ಮೇಲೆತ್ತಿದಾಗಿನ 180 ಡಿಗ್ರಿಯಲ್ಲಿ ಭುಜದ ಕೀಲಿನ ಪಾಲು ಸುಮಾರು 120. ಉಳಿದ 60 ಬೆನ್ನಿನ ಹೆಗಲೆಲುಬು ತಿರುಗಿದ್ದರಿಂದ ಬಂದದ್ದು. ಬೆನ್ನಿನ ಈ ತಿರುವು ಗೊತ್ತಿಲ್ಲದಿದ್ದರೂ ಕಾಗದದಲ್ಲಾದರೆ ಒಂದಿಷ್ಟು ನೆರಳು ಬಳಿದು ಪಾರಾಗಬಹುದು. ಮಣ್ಣಿನ ಮೂರ್ತಿಯ ಹಿಂದೆ ಜನ ಸುತ್ತಿ ಬರುತ್ತಾರೆ, ಮಾರಾಯ್ರೆ! ಅದಕ್ಕೇ ಅನಾಟಮಿಗೆ ಪೆನ್ಸಿಲಿಗಿಂತ ಮಣ್ಣೇ ಖಡಕ್ ಮೇಷ್ಟ್ರು ಅನ್ನುವವನು ನಾನು.

ನಮ್ಮ ಕಡೆಯ ಕಾರ್ಕಳದ ಶಿಲ್ಪಿಗಳು ಅಳತೆಯಿಂದ ಹೊರಡುತ್ತಾರೆ. ಮುಖದ ಉದ್ದವೇ ಒಂದು ತಾಳ, ಅದರ ಒಂಬತ್ತರಷ್ಟು ಇಡೀ ಮೈ ಅನ್ನುವ ಅಳತೆ ನವತಾಳ. ಅದರಲ್ಲಿ ಮೈಯೆಲ್ಲ 108 ಅಂಗುಲ; ಅದರೊಳಗೆ ಮುಖಕ್ಕೆ 12, ತೊಡೆಗೆ 24, ಮೊಣಕಾಲಿಗೆ 4, ಅದರ ಕೆಳಗೆ ಮತ್ತೆ 24. ಸ್ನಾಯುವಿನ ಹೆಸರು ಇದರಲ್ಲಿ ಬರುವುದಿಲ್ಲ, ಸರಿ. ಆದರೆ ಕಾರ್ಕಳದ ಬೆಟ್ಟದ ಮೇಲಿನ 1432ರ ಗೊಮ್ಮಟನ ತೊಡೆ, ತೋಳಿಗೆ ಹಬ್ಬಿದ ಬಳ್ಳಿಯನ್ನೊಮ್ಮೆ ಕಣ್ಣಿಟ್ಟು ನೋಡಿ. ಮಾಂಸ ಎಲ್ಲಿ ಉಬ್ಬಿದೆ, ಎಲ್ಲಿ ಒಳಸರಿದಿದೆ ಅಂತ ಆ ಬಳ್ಳಿಯೇ ಹೇಳುತ್ತದೆ. ಮುಂಬಯಿಯ ತರಗತಿಗಳಲ್ಲಿ ಮೈಯ ಉಬ್ಬುತಗ್ಗು ತಿಳಿಯಲಿ ಅಂತ ಅಡ್ಡಡ್ಡ ಗೆರೆ ಸುತ್ತಿಸುತ್ತಾರಲ್ಲ, ಅದೇ ಕೆಲಸ. ತೊಡೆಯ ದುಂಡು ಗೊತ್ತಿಲ್ಲದವನ ಉಳಿಗೆ ಇದು ಸಾಧ್ಯವೇ?

ನೆಟ್ಟಗೆ ನಿಂತ ಮೈಗೆ ಈ ತಾಳದ ಅಳತೆ ಸಾಕು. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಮೈ ಮುಂದಕ್ಕೆ ಚಾಚಿ ಓಡುವವನ ಬೆನ್ನಿಗೆ ಸಾಲದು. ಅಲ್ಲಿ ಮುಂಬಯಿಯ ಪಾಠ ಬೇಕೇ ಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತವರೇ. ಅವರ ನರ್ತಕಿಯರಲ್ಲಿ ಎಲುಬಿನ ಲೆಕ್ಕವೆಲ್ಲ ಒಂದೆರಡು ಗೆರೆಯಲ್ಲಿ ಮುಗಿದಿರುತ್ತದೆ.

ಊರಿನ ಹುಡುಗರು ಇದಕ್ಕಾಗಿ ಮುಂಬಯಿ ರೈಲು ಹತ್ತಬೇಕೆಂದೇನಿಲ್ಲ. ಮಣಿಪಾಲದ ಅನಾಟಮಿ ಮ್ಯೂಸಿಯಂ ಉಡುಪಿಯ ಮಗ್ಗುಲಲ್ಲೇ ಇದೆ. ಮನೆಗೆ ಬಂದ ನೆಂಟರಿಗೆ ತೋರಿಸುವ ಜಾಗ ಅಂತ ಅದನ್ನು ಬಿಟ್ಟಿದ್ದೇವೆ. ಚಿತ್ರಕಲಾ ಶಾಲೆಗಳು ಅನುಮತಿ ಕೇಳಿ, ಮಕ್ಕಳನ್ನು ಅಲ್ಲಿನ ಅಸ್ಥಿಪಂಜರದ ಮುಂದೆ ಕೂರಿಸಿ ಬರೆಸಲಿ. ಮರುವಾರ ಅದೇ ಮಕ್ಕಳು ಕಾರ್ಕಳದ ಬೆಟ್ಟ ಹತ್ತಲಿ.