ಟೇಪು ಎಲ್ಲಿ ಸುತ್ತಬೇಕು ಅನ್ನುವುದೇ ಅರ್ಧ ಕೆಲಸ
ಉಷ್ಣವಲಯದ ಕಾಡಿನ ಸಸ್ಯಗಳಿಗಾಗಿ ದಶಕಗಳನ್ನೇ ಮುಡಿಪಿಟ್ಟ ಸಂಶೋಧಕರ ಬಗ್ಗೆ ಒಳ್ಳೆಯ ಲೇಖನ. ಆದರೆ ‘ಮರಗಳನ್ನು ಅಳೆದರು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಕಷ್ಟವಿರುವುದೇ ಅಲ್ಲಿ.

ಕಾಂಡದ ದಪ್ಪದ ಅಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಾದರೆ ಮೇಲ್ಬದಿಯಿಂದ. ಕಾಂಡಕ್ಕೆ ಬಳ್ಳಿ ಹಬ್ಬಿದ್ದರೆ ಟೇಪನ್ನು ಅದರ ಅಡಿಯಲ್ಲೇ ತೂರಿಸಬೇಕು. ಬಳ್ಳಿ ಕಡಿದರೆ ಮರದ ಬೆಳವಣಿಗೆಯೇ ಬದಲಾಗಿಬಿಡುತ್ತದೆ. ಹಲಗೆಯಂಥ ಆನಿಕೆ ಬೇರುಗಳಿದ್ದರೆ ಅವು ಮುಗಿದ ಜಾಗಕ್ಕಿಂತ 50 ಸೆಂ.ಮೀ. ಮೇಲೆ ಅಳೆದು, ಅಲ್ಲಿ ಬಣ್ಣದ ಗೆರೆ ಎಳೆಯಬೇಕು.

ಎಡವಟ್ಟಾಗುವುದು ಕೆಲವು ವರ್ಷಗಳ ನಂತರ ಅದೇ ಮರವನ್ನು ಮತ್ತೆ ಅಳೆಯುವಾಗ. ಅಷ್ಟರಲ್ಲಿ ಬೇರಿನ ಹಲಗೆ ಗೆರೆಯ ತನಕ ಏರಿರುತ್ತದೆ. ಹಳೆಯ ಜಾಗದಲ್ಲೇ ಅಳೆದರೆ ಮರ ವಿಪರೀತ ದಪ್ಪಗಾದಂತೆ ಕಾಣುತ್ತದೆ. ಹೇಳದೆ ಕೇಳದೆ ಮೇಲಕ್ಕೆ ಸರಿದರೆ, ಕಾಂಡ ಮೇಲೆ ಹೋದಂತೆ ಸಪೂರವಾಗುವುದರಿಂದ, ಮರ ಕುಗ್ಗಿದಂತೆ! ಹಾಗಾಗಿ ಆ ವರ್ಷ ಎರಡೂ ಎತ್ತರದಲ್ಲಿ ಅಳೆದು, ಎರಡನ್ನೂ ಬರೆದಿಡಲೇಬೇಕು.

ಪನಾಮಾದ ಬಾರೊ ಕೊಲೊರಾಡೊ ದ್ವೀಪದ 50 ಹೆಕ್ಟೇರ್ ತಾಕಿನಲ್ಲಿ 1980ರ ದಶಕದಿಂದ, 1 ಸೆಂ.ಮೀ. ದಪ್ಪದ ಕಡ್ಡಿಯಂಥ ಗಿಡವನ್ನೂ ಬಿಡದೆ ಎಣಿಸುತ್ತಿದ್ದಾರೆ. ಒಟ್ಟು 2 ಲಕ್ಷಕ್ಕೂ ಹೆಚ್ಚು. ಅಷ್ಟು ಸಣ್ಣವು ಯಾಕೆಂದರೆ, ತಾಯಿಮರದ ಬುಡದಲ್ಲೇ ಮೊಳೆತ ಸಸಿಗಳನ್ನು ಆ ಜಾತಿಯ ಮರವನ್ನೇ ಕಾಡುವ ಕೀಟ, ಶಿಲೀಂಧ್ರಗಳು ಹೆಚ್ಚು ಕೊಲ್ಲುತ್ತವೆ ಎಂಬ ಪರಿಸರ ವಿಜ್ಞಾನಿಗಳಾದ ಜಾನ್ಜೆನ್ (1970), ಕಾನೆಲ್ (1971) ಅವರ ವಾದವನ್ನು ದೊಡ್ಡ ಮರಗಳನ್ನಷ್ಟೇ ಎಣಿಸಿ ಪರೀಕ್ಷಿಸಲಾಗದು. ಹೆಚ್ಚಿನವು ಸಾಯುವುದು ಸಸಿಯಾಗಿದ್ದಾಗಲೇ.