ಮೊಣಕಾಲೇ ಆಧಾರ

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ನಾನು ಅದರೊಳಗೆ ಕಾಲಿಟ್ಟದ್ದು ಬಹಳ ತಡವಾಗಿ, ಶಾಲೆಯಿಂದ ನಿವೃತ್ತನಾಗಿ, ಮಡಿಕೇರಿಯ ಮಳೆಗಾಲವನ್ನು ಹೇಗೆ ಕಳೆಯುವುದೆಂದು ತಿಳಿಯದೆ ಕುಳಿತಿದ್ದಾಗ. ಎರಡು ವರ್ಷ ಕಾಗುಣಿತ ತಿದ್ದಿದ ಮೇಲೆ ಹೊಸಬರಿಗೆ ದಾರಿ ತೋರಿಸುವ ಹುಮ್ಮಸ್ಸು ಬಂತು; ಮೇಷ್ಟ್ರಿಕೆಯ ಚಟ ಇನ್ನೂ ಬಿಟ್ಟಿಲ್ಲ ಎಂದು ಮನೆಯಾಕೆಯ ಅಭಿಪ್ರಾಯ. ‘ಹೊಸಬರನ್ನು ಕಚ್ಚಬೇಡಿ’ ಎಂಬ ಮಾರ್ಗಸೂಚಿಯೇ ವಿಕಿಪೀಡಿಯದಲ್ಲಿದೆ. ಕೊಡಗಿನಲ್ಲಿ ಆ ಕೆಲಸವನ್ನು ಜೂನ್ ತಿಂಗಳಿನಿಂದ ಜಿಗಣೆಗಳೇ ಸಮರ್ಥವಾಗಿ ನಿರ್ವಹಿಸುವುದರಿಂದ, ನನಗೆ ಅದೇನೂ ಕಷ್ಟವಾಗದು ಎಂದುಕೊಂಡಿದ್ದೆ.

ನನ್ನ ಮೊದಲ ಶಿಷ್ಯರು ಪಕ್ಕದ ತೋಟದ ನಿವೃತ್ತ ಸುಬೇದಾರರು. ಖಾತೆ ತೆರೆದ ಮರುದಿನವೇ ತಡಿಯಂಡಮೋಳ್ ಬೆಟ್ಟದ ಲೇಖನಕ್ಕೆ ಕೈಹಾಕಿದರು. ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್ ಎಂಬ ಒಣ ಮಾಹಿತಿಯ ಕೆಳಗೆ, ತಾವು ರಜೆಯಲ್ಲಿ ಬಂದಾಗ ಒಂದೂವರೆ ಗಂಟೆಯಲ್ಲಿ ಅದನ್ನು ಏರಿದ್ದು, ಜೊತೆಗಿದ್ದ ಭಾವಮೈದುನ ಅರ್ಧದಾರಿಯಲ್ಲೇ ಕುಳಿತದ್ದು, ಅವನ ಪಾಲಿನ ಕಡಂಬುಟ್ಟನ್ನೂ ತಾವೇ ತಿಂದದ್ದು ಎಲ್ಲವನ್ನೂ ಬರೆದು, ಚರ್ಚೆಪುಟದಲ್ಲಿ ಮಾತ್ರ ಹಾಕಬೇಕಾದ ಸಹಿಯನ್ನು ಲೇಖನದ ಕೊನೆಗೇ ಜಡಿದಿದ್ದರು.

ನಾನು ‘ಉಲ್ಲೇಖ ಬೇಕು’ ಎಂದು ಗುರುತು ಹಾಕಿದೆ. ಕೂಡಲೇ ಫೋನ್ ಬಂತು.

“ಮೇಷ್ಟ್ರೇ, ನನ್ನ ಮೊಣಕಾಲೇ ಆಧಾರ. ಬೇಕಾದರೆ ಎಕ್ಸ್‌ರೇ ಕಳಿಸುತ್ತೇನೆ.”

ಕಣ್ಣಾರೆ ಕಂಡದ್ದು ಸಾಲದು, ಬೇರೆಯವರು ಅದನ್ನು ಮೊದಲೇ ಎಲ್ಲಾದರೂ ಪ್ರಕಟಿಸಿರಬೇಕು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಮೌನ.

“ಹಾಗಾದರೆ ಭಾವಮೈದುನನ ಹತ್ತಿರ ಬರೆಸಲೇ?”

ನಾನು ಅಳಿಸಿದೆ, ಅವರು ಮತ್ತೆ ಸೇರಿಸಿದರು. ಲೇಖನದ ಇತಿಹಾಸದ ಪುಟದಲ್ಲಿ ಅವರ ಹೆಸರು, ನನ್ನ ಹೆಸರು, ಮತ್ತೆ ಅವರ ಹೆಸರು. “ಯಾರ ಆರ್ಡರ್ ಮೇಲೆ ಅಳಿಸಿದಿರಿ?” ಎಂಬುದು ಅವರ ಪ್ರಶ್ನೆ. ಇಲ್ಲಿ ಆರ್ಡರ್ ಕೊಡುವ ಮೇಲಧಿಕಾರಿಯೇ ಇಲ್ಲ, ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು ಎಂಬ ಮಾತನ್ನು, ಇಡೀ ಜೀವನ ಸೈನ್ಯದಲ್ಲಿ ಕಳೆದವರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಬೆಟ್ಟ ಹತ್ತಿಳಿದಷ್ಟು ಸುಸ್ತಾಗಿತ್ತು.

ಕೊನೆಗೆ ಮನೆಗೇ ಕರೆದು, ಕಾಫಿ ಕೊಟ್ಟು, ಎಷ್ಟು ತಪ್ಪು ಮಾಡಿದರೂ ಯಾರಿಗೂ ತೊಂದರೆಯಾಗದ ಪ್ರಯೋಗಪುಟವನ್ನು ತೋರಿಸಿಕೊಡಲು ಕುಳಿತೆ. ‘ಇದು ಪರೀಕ್ಷೆ. ಅಜ್ಜನ ಮೀಸೆ ಉದ್ದವಾಗಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಪ್ರಕಟಿಸುವ ಗುಂಡಿ ಒತ್ತಿ, ಹೆಮ್ಮೆಯಿಂದ ಅವರ ಕಡೆ ತಿರುಗಿದೆ.

“ಮೇಷ್ಟ್ರೇ, ಇದು ಕಾವೇರಿ ನದಿಯ ಪುಟವಲ್ಲವೇ?”

ಹೌದು. ತಲಕಾವೇರಿಯಲ್ಲಿ ಹುಟ್ಟಿದ ನದಿ ಮುಂದಿನ ವಾಕ್ಯದಲ್ಲೇ ಅಜ್ಜನ ಮೀಸೆಯನ್ನು ಸೇರಿತ್ತು. ಮೌಸಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಅದರ ಹಿಂದೆಯೇ ಇಂಟರ್ನೆಟ್ಟೂ. ಸುಬೇದಾರರು ಮಾತಿಲ್ಲದೆ ಕೊಡೆ ಬಿಚ್ಚಿ, ಮೊಬೈಲಿಗೆ ಸಿಗ್ನಲ್ ಸಿಗುವ ನಮ್ಮ ಗೇಟಿನತ್ತ ನಡೆದರು.

ರಾತ್ರಿ ಕರೆಂಟು ಬಂದಾಗ ತೆರೆದು ನೋಡಿದೆ. ನನ್ನ ಬದಲಾವಣೆ ಮೂರೇ ನಿಮಿಷದಲ್ಲಿ ರದ್ದಾಗಿತ್ತು. ಸಾರಾಂಶದಲ್ಲಿ ‘ಉಲ್ಲೇಖ ಇಲ್ಲ’ ಎಂಬ ಎರಡು ಪದ. ನನ್ನ ಚರ್ಚೆಪುಟದಲ್ಲಿ ಒಂದು ಸಂದೇಶವೂ ಇತ್ತು: ‘ವಿಕಿಪೀಡಿಯಕ್ಕೆ ಸ್ವಾಗತ. ದಯವಿಟ್ಟು ಪ್ರಯೋಗಗಳನ್ನು ಪ್ರಯೋಗಪುಟದಲ್ಲಿಯೇ ಮಾಡಿ.’

ಸಹಿ ಈ ಸಲ ಸರಿಯಾದ ಜಾಗದಲ್ಲಿತ್ತು.