ಇದ್ಯಾವ ಕಂಪನಿ ಕಾರು ಅಂಕಲ್?

ಇವತ್ತು ಮಧ್ಯಾಹ್ನ ಡೆಟ್ರಾಯ್ಟ್ ಹತ್ತಿರದ ನೋವೈನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಕಾರು ನಿಲ್ಲಿಸಿ ಇಳಿಯುತ್ತಿದ್ದೆ, ಹಿಂದೆಯೇ ಬಂದ ಹುಡುಗನೊಬ್ಬ ಕೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿರಬೇಕು. ಅವನದು ಬಿಳಿ ಟೆಸ್ಲಾ ಮಾಡೆಲ್ 3. ನನ್ನದು ನಿಮಗೆ ಗೊತ್ತಲ್ಲ, ಅದೇ 2009ರ ಪಾಂಟಿಯಾಕ್ ವೈಬ್. ಮುಂದಿನ ಕೆಂಪು ಬಾಣದ ಗುರುತು ಬಣ್ಣಗೆಟ್ಟಿದೆ, ಬಾಗಿಲ ಕೆಳಗೆ ತುಕ್ಕು. ವರ್ಷಕ್ಕೆ ನಾಲ್ಕು ತಿಂಗಳು ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ತುಕ್ಕು ಹಿಡಿಯದೆ ಇನ್ನೇನು ಹಿಡಿಯುತ್ತೆ?

"ಪಾಂಟಿಯಾಕ್ ಕಣಪ್ಪ" ಅಂದೆ. "ಹಾಗಂದ್ರೆ?" ಅಂದ. ಆ ಹೆಸರಿನ ಊರೇ ಇಲ್ಲಿಂದ ಅರ್ಧ ಗಂಟೆ ದೂರದಲ್ಲಿದೆ. ಹೋಗಲಿ ಬಿಡಿ.

ನನಗೆ ಕೋಪ ಬಂದದ್ದು ಅದಕ್ಕಲ್ಲ. ಊಟದ ಹೊತ್ತಲ್ಲಿ ಮಾತು ಕಾರು ಕಂಪನಿಗಳ ಕಡೆ ತಿರುಗಿತು. ನಮ್ಮ ಡೆಟ್ರಾಯ್ಟ್ ಕನ್ನಡಿಗರು ನಾಲ್ಕು ಜನ ಸೇರಿದರೆ ಅದು ತಿರುಗಲೇಬೇಕು. ಟ್ಯಾರಿಫ್ ಬಂತು, ಎಲೆಕ್ಟ್ರಿಕ್ ಕಾರಿನ ನಷ್ಟ ಬಂತು, ಇವರು ಮತ್ತೆ ಸರ್ಕಾರದ ಬಾಗಿಲು ತಟ್ಟುತ್ತಾರೆ ಎಂದು ಯಾರೋ ಅಂದರು. ಆಗ ನಮ್ಮ ಟೆಸ್ಲಾ ಹುಡುಗ ಪುಳಿಯೋಗರೆ ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟ. "2008ರಲ್ಲೇ ಸಾಯೋಕೆ ಬಿಡಬೇಕಿತ್ತು ಅಂಕಲ್. ತಾಕತ್ತಿದ್ರೆ ಉಳಿಯುತ್ತೆ, ಇಲ್ದಿದ್ರೆ ಹೋಗುತ್ತೆ. ಸರ್ಕಾರ ಯಾಕೆ ಕಾಪಾಡಬೇಕು?"

ಎದುರಿಂದ ನನ್ನ ಹೆಂಡತಿ ಒಂದು ನೋಟ ಬಿಟ್ಟಳು. ಪುಳಿಯೋಗರೆಯಲ್ಲಿ ಕಡಲೆಬೀಜ ಹುಡುಕುತ್ತಾ ಸುಮ್ಮನೆ ಕೂತೆ. ಈಗ ರಾತ್ರಿ ಹನ್ನೊಂದು. ಅವಳು ಮಲಗಿದ್ದಾಳೆ. ನೀವು ಸಿಕ್ಕಿದ್ದೀರಿ, ಅನುಭವಿಸಿ.

ಮೊದಲೇ ಹೇಳಿಬಿಡುತ್ತೇನೆ. ಆಗ ಮುಳುಗುತ್ತಿದ್ದ ಜಿಎಂ (ಜನರಲ್ ಮೋಟಾರ್ಸ್), ಕ್ರೈಸ್ಲರ್ ಎರಡನ್ನೂ ಅಮೆರಿಕ ಸರ್ಕಾರ ದುಡ್ಡು ಕೊಟ್ಟು ಉಳಿಸಿದ್ದು ಸರಿ. ನನಗೆ ಹದಿನೈದು ವರ್ಷ ದಾಟಿದರೂ ಹೊಟ್ಟೆಯಲ್ಲಿ ಉರಿಯುವುದು ಬೇರೆ ಪ್ರಶ್ನೆ: ಉಳಿಸಿದ್ದು ಯಾರನ್ನು?

2008ರ ನವೆಂಬರ್ ನೆನಪಿದೆಯಾ? ಜಿಎಂನ ವ್ಯಾಗನರ್, ಫೋರ್ಡ್‌ನ ಮುಲಾಲಿ, ಕ್ರೈಸ್ಲರ್‌ನ ನಾರ್ಡೆಲ್ಲಿ, ಮೂವರೂ ವಾಷಿಂಗ್ಟನ್‌ಗೆ ಸಾಲ ಕೇಳಲು ಹೋದರು. ಮೂವರೂ ಬೇರೆ ಬೇರೆ ಪ್ರೈವೇಟ್ ಜೆಟ್‌ನಲ್ಲಿ! ಬೆಳ್ಳಿ ತಟ್ಟೆ ಹಿಡಿದು ಭಿಕ್ಷೆಗೆ ಬಂದ ಹಾಗೆ. ಸಂಸದರು ಬೆಂಡೆತ್ತಿ ಕಳಿಸಿದರು. ಡಿಸೆಂಬರ್‌ನಲ್ಲಿ ಇದೇ ಮಹಾಶಯರು ಹೈಬ್ರಿಡ್ ಕಾರು ಏರಿ, ಹೆದ್ದಾರಿಯಲ್ಲಿ ಐನೂರು ಮೈಲಿ ದಾಟಿ ಮತ್ತೆ ಹೋದರು. ಟಿವಿಯಲ್ಲಿ ಅದನ್ನು ನೋಡಿ ಲಂಚ್ ರೂಮಿನಲ್ಲಿ ಎಲ್ಲರೂ ನಕ್ಕೆವು. ನಗುವಿನಲ್ಲಿ ಹೆದರಿಕೆಯೂ ಇತ್ತು. ಸೆನೆಟ್ ಆಗಲ್ಲ ಅಂದಿತು. ಕೊನೆಗೆ ಡಿಸೆಂಬರ್ 19ಕ್ಕೆ, ಅಧಿಕಾರ ಬಿಡಲು ತಿಂಗಳು ಬಾಕಿ ಇದ್ದಾಗ, ಬುಷ್ ಬ್ಯಾಂಕುಗಳಿಗೆಂದು ಇಟ್ಟಿದ್ದ ದುಡ್ಡಿನಿಂದ 17.4 ಬಿಲಿಯನ್ ಡಾಲರ್ ತೆಗೆದುಕೊಟ್ಟರು.

ಅದು ನಮಗೆ ತಲುಪಲಿಲ್ಲ. ನಮಗೆ ಅಂದರೆ ಬಿಡಿಭಾಗ ಮಾಡುವವರಿಗೆ. ನಾನು ಆಗ ಮಾಡುತ್ತಿದ್ದದ್ದು ಸೀಟಿನ ಹಳಿ. ನೀವು ಡ್ರೈವರ್ ಸೀಟನ್ನು ಹಿಂದೆ ಮುಂದೆ ಜರುಗಿಸುತ್ತೀರಲ್ಲ, ಅದು ಓಡಾಡುವ ಕಬ್ಬಿಣದ ಪಟ್ಟಿ. ಮೂರೂ ಕಂಪನಿಗೆ ನಾವೇ ಕೊಡುತ್ತಿದ್ದೆವು. ಜನವರಿಯಲ್ಲಿ ಆರ್ಡರ್ ಅರ್ಧಕ್ಕೆ ಇಳಿಯಿತು. ಫೆಬ್ರವರಿಯಲ್ಲಿ ಒಂದು ಗುರುವಾರ, ಒಬ್ಬೊಬ್ಬರನ್ನೇ ಕರೆದು ಹನ್ನೊಂದು ಜನಕ್ಕೆ ಜೆರಾಕ್ಸ್ ಪೇಪರ್ ಬರುವ ಖಾಲಿ ಡಬ್ಬ ಕೈಗೆ ಕೊಟ್ಟರು. ನನ್ನ ಡಬ್ಬದಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾನೇ ಕೊಂಡದ್ದು, ಹಿಡಿಯ ಮೇಲೆ ಇನ್ನೂ ಅಂಗಡಿಯವನ ಸ್ಟಿಕ್ಕರ್ ಇತ್ತು. ಗೇಟಿನಲ್ಲಿ ಗಾರ್ಡ್ ಅದನ್ನು ಎತ್ತಿ ಹಿಡಿದು, ಇದು ಕಂಪನಿಯದಲ್ಲ ಅನ್ನುವುದಕ್ಕೆ ರಸೀದಿ ಇದೆಯಾ ಎಂದು ಕೇಳಿದ. ದಿನಾ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದ ಗಾರ್ಡ್. ಆ ಸ್ಟಿಕ್ಕರ್ ಮೇಲಿದ್ದ ಕನ್ನಡ ತೋರಿಸಿದೆ. ಬಿಟ್ಟ.

ನಾನಿದ್ದದ್ದು ಎಚ್1ಬಿಯಲ್ಲಿ, ಕೆಲಸ ಇದ್ದರಷ್ಟೇ ಇಲ್ಲಿರಲು ಬಿಡುವ ವೀಸಾ. ಅದರವರಿಗೆ ಈಗ ಕೆಲಸ ಹೋದರೆ 60 ದಿನ ಗಡುವು ಇದೆ. ಅದು ಬಂದದ್ದು 2017ರಲ್ಲಿ. ಆಗ ಒಂದು ದಿನವೂ ಇರಲಿಲ್ಲ. ಎಚ್4 ಎಂಬ ಕುಟುಂಬದ ವೀಸಾದಲ್ಲಿದ್ದ ಹೆಂಡತಿ ಕೆಲಸ ಮಾಡುವ ಹಾಗಿರಲಿಲ್ಲ. ಮಗಳಿಗೆ ಎರಡು ವರ್ಷ. ಕಂಪನಿಯವರು ಪುಣ್ಯಕ್ಕೆ ಮೂರು ವಾರ ಪೇರೋಲ್‌ನಲ್ಲಿ ಇಟ್ಟುಕೊಂಡರು, ಅಷ್ಟರಲ್ಲಿ ಒಬ್ಬ ದೇಸಿ ಕನ್ಸಲ್ಟೆನ್ಸಿಯವನು ಅರ್ಧ ಸಂಬಳಕ್ಕೆ ಕಾಗದಪತ್ರ ಮಾಡಿಸಿದ. ತಮಾಷೆ ಕೇಳಿ. ಅದೇ ಫೆಬ್ರವರಿಯಲ್ಲಿ ಬಂದ ಕಾನೂನು, ಬೇಲ್‌ಔಟ್ ದುಡ್ಡು, ಅಂದರೆ ಮುಳುಗದಿರಲು ಸರ್ಕಾರ ಕೊಟ್ಟ ದುಡ್ಡು, ತೆಗೆದುಕೊಂಡ ಕಂಪನಿಗಳು ಎಚ್1ಬಿ ಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ಎಕ್ಸ್‌ಟ್ರಾ ಷರತ್ತು ಹಾಕಿತು. ಬೇಲ್‌ಔಟ್‌ಗೆ ಟ್ಯಾಕ್ಸ್ ಕಟ್ಟಿದವನು ನಾನು, ಬಾಗಿಲಾಚೆ ನಿಂತವನೂ ನಾನು.

ಆದರೂ ಉಳಿಸಿದ್ದು ಸರಿ ಅನ್ನುತ್ತೇನೆ. ಯಾಕೆ ಅಂದರೆ, ಮೂರು ಮನೆಗೆ ಹಾಲು ಹಾಕುವವನಿಗೆ ಎರಡು ಮನೆಯವರು ಬಾಕಿ ಉಳಿಸಿ ಮನೆ ಖಾಲಿ ಮಾಡಿದರೆ ಅವನು ಹಸು ಮಾರುತ್ತಾನೆ. ಆಮೇಲೆ ಮೂರನೇ ಮನೆಯವರಿಗೂ ಕಾಫಿಗೆ ಹಾಲಿಲ್ಲ. "ಫೋರ್ಡ್ ಬೇಲ್‌ಔಟ್ ತಗೊಳ್ಳಲೇ ಇಲ್ಲವಲ್ಲ ಅಂಕಲ್" ಎಂದ ಆ ಹುಡುಗ. ನಿಜ ಕಣಪ್ಪ. ಅವರು 2006ರಲ್ಲೇ ಕಾರ್ಖಾನೆಗಳ ಜೊತೆ ಆ ನೀಲಿ ಲೋಗೋ ಕೂಡ ಅಡ ಇಟ್ಟು 23 ಬಿಲಿಯನ್ ಚಿಲ್ಲರೆ ಎತ್ತಿಟ್ಟುಕೊಂಡಿದ್ದರು. ಆದರೆ ಅದೇ ಫೋರ್ಡ್‌ನ ಮುಲಾಲಿ ತನ್ನ ಎದುರಾಳಿಗಳನ್ನು ಉಳಿಸಿ ಅಂತ ಸೆನೆಟ್ ಮುಂದೆ ಯಾಕೆ ಕೂತರು? ನನ್ನ ಸೀಟಿನ ಹಳಿ ಬರದಿದ್ದರೆ ಅವರ ಲೈನೂ ನಿಲ್ಲುತ್ತಿತ್ತು. ಆ ಮೇಲೆ ಫೋರ್ಡ್ ಇಂಧನ ಇಲಾಖೆಯಿಂದ 5.9 ಬಿಲಿಯನ್ ಸಾಲ ತೆಗೆದುಕೊಂಡದ್ದು ಬೇರೆ ಮಾತು. ಅದನ್ನು ಬೇಲ್‌ಔಟ್ ಅನ್ನುವುದಿಲ್ಲವಂತೆ. ಹೆಸರು ಬದಲಾಯಿಸಿದರೆ ಮುಗಿಯಿತು ಅಲ್ವಾ?

ಮಿಟ್ ರಾಮ್ನಿ ಆಗ ಡೆಟ್ರಾಯ್ಟ್ ದಿವಾಳಿ ಆಗಲಿ ಎಂದು ಪೇಪರಿನಲ್ಲಿ ಬರೆದಿದ್ದರು. ಅವರಪ್ಪ ಕಾರು ಕಂಪನಿ ನಡೆಸಿದವರು, ಇದೇ ಮಿಶಿಗನ್‌ನ ಗವರ್ನರ್ ಆಗಿದ್ದವರು. 2009ರಲ್ಲಿ ಇಲ್ಲಿ ನಿರುದ್ಯೋಗ ಶೇ 14 ದಾಟಿತು. ನಮ್ಮ ಬೀದಿಯಲ್ಲೇ ಐದು ಮನೆ ಬ್ಯಾಂಕಿನ ಪಾಲಾದವು. 2012ರ ಅಧ್ಯಕ್ಷ ಚುನಾವಣೆಯಲ್ಲಿ ರಾಮ್ನಿ ಮಿಶಿಗನ್‌ನಲ್ಲಿ ಸೋತರು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಕಾಮೆಂಟ್‌ನಲ್ಲಿ ರಾಜಕೀಯ ಬೇಡ.

ಸರಿ, ಉಳಿಸಿದ್ದು ಯಾರನ್ನು?

ಕ್ರೈಸ್ಲರ್ 2009ರ ಏಪ್ರಿಲ್ 30ಕ್ಕೆ ಪಾಪರ್ ಚೀಟಿ ತೆಗೆದುಕೊಂಡಿತು, ಜಿಎಂ ಜೂನ್ 1ಕ್ಕೆ. ಜಿಎಂ ನಲವತ್ತು ದಿನದಲ್ಲಿ ಮಡಿ ಉಟ್ಟು ಹೊರಗೆ ಬಂತು. ಹೊಸ ಕಂಪನಿಯಲ್ಲಿ ಅಮೆರಿಕ ಸರ್ಕಾರದ ಪಾಲು ಸುಮಾರು ಶೇ 61. ಹಳೇ ಸಾಲ, ಹಳೇ ತಲೆನೋವು ಎಲ್ಲ ಹಳೇ ಕಂಪನಿಯ ಜೊತೆ ಹಿಂದೆ ಉಳಿಯಿತು. ಜಿಎಂನ ಬ್ರ್ಯಾಂಡ್‌ಗಳಲ್ಲಿ ಪಾಂಟಿಯಾಕ್ ಹೋಯಿತು, ಸ್ಯಾಟರ್ನ್ ಹೋಯಿತು, ಹಮ್ಮರ್ ಹೋಯಿತು. ಆ ಡಿಸೆಂಬರ್‌ನಲ್ಲಿ ಉಳಿದ ಪಾಂಟಿಯಾಕ್‌ಗಳನ್ನು ಖಾಲಿ ಮಾಡಲು ಡೀಲರ್‌ಗಳಿಗೆ ಕಾರಿಗೆ 7,000 ಡಾಲರ್ ಕೊಟ್ಟರು. ನನ್ನ ವೈಬ್ ಬಂದದ್ದು ಹಾಗೆ. ಸತ್ತ ಕಂಪನಿಯ ಕಾರು, ತರಕಾರಿ ರೇಟಿಗೆ.

ಡೆಲ್ಫಿ ಕಥೆ ಗೊತ್ತಲ್ಲ? 1999ರವರೆಗೆ ಜಿಎಂ ಒಳಗೇ ಇದ್ದ ಬಿಡಿಭಾಗಗಳ ಕಂಪನಿ. ಬೆಂಗಳೂರಿನಲ್ಲೂ ಅದರ ಟೆಕ್ನಿಕಲ್ ಸೆಂಟರ್ ಇತ್ತು. 2009ರಲ್ಲಿ ಅದರ ಪೆನ್ಷನ್ ಫಂಡನ್ನು ಸರ್ಕಾರದ ಪೆನ್ಷನ್ ವಿಮಾ ಸಂಸ್ಥೆ ವಹಿಸಿಕೊಂಡಿತು. ಆ ಸಂಸ್ಥೆ ಕೊಡುವುದಕ್ಕೆ ಒಂದು ಮಿತಿ ಇದೆ. ಯೂನಿಯನ್ ಕಾರ್ಮಿಕರಿಗೆ ಕಡಿಮೆ ಬಿದ್ದದ್ದನ್ನು ಜಿಎಂ ತುಂಬಿಕೊಟ್ಟಿತು. ಸಂಬಳದ ನೌಕರರಿಗೆ, ಅಂದರೆ ಡ್ರಾಯಿಂಗ್ ಹಾಕುತ್ತಿದ್ದವರು, ಲೆಕ್ಕ ಬರೆಯುತ್ತಿದ್ದವರು, ಅವರಿಗೆ ಇಲ್ಲ. ಸುಮಾರು 20,000 ಜನ. ಒಂದೇ ಛಾವಣಿ ಕೆಳಗೆ ಮೂವತ್ತು ವರ್ಷ ದುಡಿದವರಲ್ಲಿ ಒಬ್ಬನಿಗೆ ಪೂರ್ತಿ ಪೆನ್ಷನ್, ಪಕ್ಕದವನಿಗೆ ಕತ್ತರಿ. ಕೋರ್ಟಿಗೆ ಹೋದರು. 2022ರಲ್ಲಿ ಸುಪ್ರೀಂ ಕೋರ್ಟ್ ಕೇಸು ಕೇಳಲೇ ಒಪ್ಪಲಿಲ್ಲ. ಅಷ್ಟರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಜಿಎಂಗೆ ದುಡ್ಡು ಹಾಕಿದ್ದೂ ಸರ್ಕಾರ, ಪೆನ್ಷನ್‌ಗೆ ಮಿತಿ ಹಾಕಿದ್ದೂ ಸರ್ಕಾರ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವುದು ಅಂದರೆ ಇದೇ.

ಯೂನಿಯನ್ನವರೂ ಏನು ಹಬ್ಬ ಮಾಡಲಿಲ್ಲ. ಹೊಸದಾಗಿ ಸೇರಿದವರಿಗೆ ಗಂಟೆಗೆ 14 ಡಾಲರ್ ಸುಮಾರು. ಪಕ್ಕದಲ್ಲಿ ಅದೇ ಬೋಲ್ಟ್ ಬಿಗಿಯುವ ಹಳಬನಿಗೆ ಅದರ ಡಬಲ್. ಈ ಎರಡು ಪಂಕ್ತಿ ಊಟ ನಿಲ್ಲಿಸಲು 2023ರಲ್ಲಿ ಆರು ವಾರ ಮುಷ್ಕರ ಮಾಡಬೇಕಾಯಿತು. ಮುಷ್ಕರ ಮುಗಿದ ಬೆನ್ನಲ್ಲೇ ಜಿಎಂ ಏನು ಮಾಡಿತು? 10 ಬಿಲಿಯನ್ ಡಾಲರ್‌ಗೆ ತನ್ನದೇ ಷೇರು ವಾಪಸ್ ಕೊಳ್ಳುತ್ತೇನೆ ಅಂದಿತು. 2025ರಲ್ಲಿ ಮತ್ತೆ 6 ಬಿಲಿಯನ್. ಷೇರಿಗೆ ಬಿಲಿಯನ್‌ಗಟ್ಟಲೆ ಇದೆ. ಓಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆ ಮುಚ್ಚಿ ಕೊನೆಯ ಕ್ರೂಜ್ ಕಾರು ಹೊರಗೆ ಬಿಟ್ಟದ್ದು 2019ರ ಮಾರ್ಚ್‌ನಲ್ಲಿ, ಆಗ ಮಾತ್ರ ಇವರ ಜೇಬಲ್ಲಿ ದುಡ್ಡಿರಲಿಲ್ಲ. ನಮ್ಮ ದೇಶದ ಕಡೆಗೂ ಬನ್ನಿ. 2017ರಲ್ಲಿ ಗುಜರಾತಿನ ಹಾಲೋಲ್ ಕಾರ್ಖಾನೆ ಮುಚ್ಚಿದರು, ಆ ವರ್ಷದ ಕೊನೆಗೆ ಇಂಡಿಯಾದಲ್ಲಿ ಷೆವರ್ಲೆ ಮಾರುವುದನ್ನೇ ಬಿಟ್ಟರು. ಹಾಲೋಲ್‌ನವರನ್ನು ಯಾವ ವಾಷಿಂಗ್ಟನ್ ಉಳಿಸಬೇಕಿತ್ತು?

ಮಧ್ಯದಲ್ಲಿ ಒಂದು ವಿಷಯ ಹೇಳಲೇಬೇಕು. 2009ರ ಆಗಸ್ಟ್‌ನಲ್ಲಿ ಹಳೇ ಕಾರು ಕೊಟ್ಟರೆ ಹೊಸದಕ್ಕೆ ಸರ್ಕಾರ ದುಡ್ಡು ಕೊಡುವ ಸ್ಕೀಮ್ ಇತ್ತಲ್ಲ, ಕ್ಯಾಶ್ ಫಾರ್ ಕ್ಲಂಕರ್ಸ್. ಗೆಳೆಯನೊಬ್ಬ ತನ್ನ ಎಕ್ಸ್‌ಪ್ಲೋರರ್ ಕೊಟ್ಟ, ನಾನೂ ಜೊತೆಗೆ ಹೋಗಿದ್ದೆ. ಆ ಎಂಜಿನ್ ಮತ್ತೆ ಓಡಬಾರದು ಅಂತ ನಿಯಮ. ಮೆಕ್ಯಾನಿಕ್ ಆಯಿಲ್ ತೆಗೆದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಆಕ್ಸಲರೇಟರ್ ಒತ್ತಿದ. ಎಂಜಿನ್ ಮೊದಲು ಗುರುಗುಟ್ಟಿತು, ಆಮೇಲೆ ಕಿರುಚಿತು, ಆಮೇಲೆ ಗಕ್ಕಂತ ನಿಂತಿತು. ಮೆಕ್ಯಾನಿಕಲ್ ಓದಿದವನು ನಾನು. ಹೊರಗೆ ಹೋಗಿ ನಿಂತುಕೊಂಡೆ. ಗೆಳೆಯ ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ. ನಗಲಿ.

"ಎಚ್‌ಎಂಟಿಗೆ ಸುರಿದ ಹಾಗೆ ಸುರೀಬೇಕಿತ್ತಾ?" ಎಂದು ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಕೇಳಿದರು. ಮಾತು ಕೇಳಲು ಚೆನ್ನಾಗಿದೆ. ನನ್ನ ಕೈಗೆ ಮೊದಲು ಕಟ್ಟಿದ ವಾಚೂ ಎಚ್‌ಎಂಟಿಯೇ, ಅದು ಹೋದ ನೋವು ನನಗೂ ಇದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ವರ್ಷಾನುಗಟ್ಟಲೆ ಡ್ರಿಪ್ ಹಾಕಿ ಮಲಗಿಸಿದರು, 2016ರಲ್ಲಿ ವಾಚಿನ ಕಂಪನಿ ಮುಚ್ಚುವ ತೀರ್ಮಾನ ಆಯಿತು. ಇಲ್ಲಿ ಹೊಟ್ಟೆ ಕೊಯ್ದರು. ವ್ಯಾಗನರ್ ಅವರನ್ನೇ ಮನೆಗೆ ಕಳಿಸಿದರು, ಡೀಲರ್‌ಗಳನ್ನು ಕಡಿದರು, ಆಮೇಲೆ ದೊಡ್ಡ ದುಡ್ಡು ಕೊಟ್ಟರು. ಸಾಯಲು ಬಿಡಬೇಕಿತ್ತು ಅನ್ನುವವರು ಇದನ್ನು ನೋಡುವುದೇ ಇಲ್ಲ.

ಇನ್ನು ನಷ್ಟದ ಲೆಕ್ಕ. ಒಟ್ಟು 80 ಬಿಲಿಯನ್ ಹತ್ತಿರ ಹಾಕಿ ಕೊನೆಗೆ 9 ಬಿಲಿಯನ್ ಚಿಲ್ಲರೆ ಕಳೆದುಕೊಂಡರು. ತಲೆಗೆ 30 ಡಾಲರ್ ಬೀಳುತ್ತದೆ. ಇಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಅಷ್ಟಾಗುತ್ತೆ. ಅದಕ್ಕೆ ಇಷ್ಟು ಗಲಾಟೆ! ನನ್ನ ತಕರಾರು ಹೋದ 30 ಡಾಲರ್‌ದಲ್ಲ. ಶೇ 61 ಪಾಲು ಕೈಯಲ್ಲಿದ್ದಾಗ ಮಾಲೀಕನ ಹಾಗೆ ಮಾತಾಡಲಿಲ್ಲವಲ್ಲ, ಅದು. ಪೆನ್ಷನ್ ಪೂರ್ತಿ ಕೊಡಿ, ಬಿಡಿಭಾಗದವರ ಬಾಕಿ ಮೊದಲು ತೀರಿಸಿ, ಇಷ್ಟು ವರ್ಷ ಕಾರ್ಖಾನೆ ಮುಚ್ಚಬೇಡಿ, ಷೇರು ಕೊಳ್ಳುವ ಆಟ ಬೇಡ. ಬರೆಸಿಕೊಳ್ಳಬಹುದಿತ್ತು. ನಮಗೆ ಗೃಹಸಾಲ ಕೊಡುವ ಬ್ಯಾಂಕಿನವನು ಎಷ್ಟು ಕಡೆ ಸಹಿ ಹಾಕಿಸಿಕೊಳ್ಳುತ್ತಾನೆ? ನಾವು ನಿಮ್ಮ ದಿನದ ವ್ಯವಹಾರಕ್ಕೆ ಕೈ ಹಾಕಲ್ಲ ಅಂದು ದೊಡ್ಡ ಮನಸ್ಸು ತೋರಿಸಿದರು, 2013ರ ಡಿಸೆಂಬರ್‌ನಲ್ಲಿ ಕೊನೆಯ ಷೇರು ಮಾರಿ ಕೈ ತೊಳೆದುಕೊಂಡರು.

ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ನನ್ನ ಹಳೇ ಕೆಲಸ 2010ರಲ್ಲಿ ವಾಪಸ್ ಬಂತು. ಜಿಎಂ ಬದುಕಿದ್ದರಿಂದಲೇ ಬಂತು. ಹನ್ನೊಂದು ಜನರಲ್ಲಿ ವಾಪಸ್ ಕರೆಸಿಕೊಂಡದ್ದು ನಾಲ್ವರನ್ನು. ಉಳಿದ ಏಳು ಜನರಲ್ಲಿ ಇಬ್ಬರಿಗೆ ಇವತ್ತಿನವರೆಗೂ ನಾನು ಫೋನ್ ಮಾಡಿಲ್ಲ. ಏನಂತ ಮಾತಾಡಲಿ?

ಊಟ ಮುಗಿಸಿ ಹೊರಟರೆ ಟೆಸ್ಲಾ ನನ್ನ ಕಾರಿಗೆ ಅಡ್ಡ ನಿಂತಿತ್ತು. ಹುಡುಗ ಓಡಿ ಬಂದ, "ಸಾರಿ ಅಂಕಲ್" ಅಂದ. ಒಳ್ಳೇ ಹುಡುಗನೇ, ಬಾಯಿ ಸ್ವಲ್ಪ ಜಾಸ್ತಿ ಅಷ್ಟೆ. ತಡೆಯಲಾಗಲಿಲ್ಲ, ಕೇಳಿದೆ. "ನನ್ನ ಕಾರು ಎಲ್ಲಿ ಹುಟ್ಟಿದ್ದು ಗೊತ್ತಾ?" ಇಲ್ಲ ಅಂದ. "ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಜಿಎಂ, ಟೊಯೋಟಾ ಸೇರಿ ನಡೆಸುತ್ತಿದ್ದ ಕಾರ್ಖಾನೆ. ಸರ್ಕಾರ ಉಳಿಸಿದ ಜಿಎಂ 2009ರಲ್ಲಿ ಅಲ್ಲಿಂದ ಜಾಗ ಖಾಲಿ ಮಾಡ್ತು. 2010ರ ಏಪ್ರಿಲ್ 1ಕ್ಕೆ ಟೊಯೋಟಾನೂ ಬೀಗ ಹಾಕ್ತು. 4,700 ಜನ ಬೀದಿಗೆ ಬಂದ್ರು. ಆ ಖಾಲಿ ಕಾರ್ಖಾನೆನ 42 ಮಿಲಿಯನ್‌ಗೆ ಕೊಂಡೋರು ಯಾರು ಹೇಳು?" ಅವನು ತನ್ನ ಕಾರಿನ ಕಡೆ ನೋಡಿದ. "ಎರಡರ ತವರುಮನೆಯೂ ಒಂದೇ ಕಣಪ್ಪ. ನನ್ನದು ಅಕ್ಕ. ನಿನ್ನ ಕಂಪನಿನೂ ಅದೇ ಹೊತ್ತಲ್ಲಿ ಸರ್ಕಾರದಿಂದ 465 ಮಿಲಿಯನ್ ಸಾಲ ತಗೊಂಡಿತ್ತು. 2013ರಲ್ಲಿ ತೀರಿಸ್ತು, ಅದನ್ನೂ ಹೇಳ್ತೀನಿ."

ಫೋನ್ ತೆಗೆದು ಹುಡುಕಿದ. ನನ್ನ ಮಾತು ನಂಬಲಿಲ್ಲ, ಇರಲಿ, ಈಗಿನವರು ಹಾಗೇ. ಸ್ವಲ್ಪ ಹೊತ್ತು ಓದಿದ. ಆಮೇಲೆ ತಲೆ ಎತ್ತಿ, "ಆ 4,700 ಜನ ಏನಾದ್ರು ಅಂಕಲ್?" ಅಂದ.

ಈ ಪ್ರಶ್ನೆ ಊಟದ ಹೊತ್ತಲ್ಲೇ ಕೇಳಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ.

ಅವನ ಕಾರು ಸದ್ದಿಲ್ಲದೆ ಹಿಂದೆ ಸರಿಯಿತು. ನನ್ನದು ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಮನೆಯವರು ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬ ಇನ್ನೂ ಹಿಂದಿನ ಸೀಟಿನಲ್ಲೇ ಇದೆ, ಈಗ ನೆನಪಾಯಿತು.